ಅಳಿವೆಗೆ ಮೂರು ಸಹಿ

ಜನವರಿ 8, ಬುಧವಾರ

ಪ್ರಾಂಶುಪಾಲರು ಕರೆದು ಆದೇಶ ಕೈಗಿತ್ತರು. ಬಂದರು ವಿಸ್ತರಣೆಯ ಸಲಹಾ ಸಮಿತಿಗೆ ನನ್ನನ್ನು ಹಾಕಿದ್ದಾರೆ. ನಿವೃತ್ತ ಎಂಜಿನಿಯರೊಬ್ಬರು ಅಧ್ಯಕ್ಷರು. ಮೀನು ಸಂಶೋಧನಾ ಕೇಂದ್ರದ ವಿಜ್ಞಾನಿ ಒಬ್ಬರು. ಮೂರನೆಯವಳು ಅರ್ಥಶಾಸ್ತ್ರದ ಮೇಡಂ, ಅಂದರೆ ನಾನು. ನದಿ ಸಮುದ್ರ ಸೇರುವ ಅಳಿವೆಯ ಕೆಸರು ತೆಗೆದು, ಆಳ ಮಾಡಿ, ದೊಡ್ಡ ಬೋಟುಗಳು ನಿಲ್ಲುವಂಥ ಹೊಸ ಧಕ್ಕೆ ಕಟ್ಟಬೇಕೆಂಬುದು ಯೋಜನೆ. ಇದು ಸುಸ್ಥಿರ ಅಭಿವೃದ್ಧಿ ಹೌದೋ ಅಲ್ಲವೋ ಎಂದು ನಾವು ಹೇಳಬೇಕು. ಮೂವರೂ ಸಹಿ ಹಾಕಿದರೆ ಕೆಲಸ ಶುರು. ಒಬ್ಬರು ತಕರಾರು ತೆಗೆದರೂ ಸಾರ್ವಜನಿಕ ಸಭೆ ಕರೆಯಬೇಕಂತೆ.

"ಬೋಟು ಮಾಲೀಕರ ಸಂಘಕ್ಕೆ ನಮ್ಮಣ್ಣನೇ ಮುಖ್ಯಸ್ಥ, ಸರ್" ಎಂದು ಎಚ್ಚರಿಸಿದೆ.

"ಅದಕ್ಕೇ ನಿಮ್ಮನ್ನ ಹಾಕಿರೋದು ಮೇಡಂ" ಎಂದು ನಕ್ಕರು.

ನನಗೇನೂ ಮುಜುಗರವಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಮಗುಚಿಟ್ಟ ಬೋಗುಣಿಯಂಥ ಗೆರೆ ಎಳೆದು ಪಾಠ ಹೇಳಿದ್ದೇನೆ. ಬಡತನದಿಂದ ಮೇಲೇಳುವಾಗ ಸಮಾಜ ಗಾಳಿ, ನೀರು, ನೆಲ ಕೆಡಿಸುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಶುಚಿ ಬಯಸುತ್ತದೆ, ಗೆರೆ ಕೆಳಗಿಳಿಯುತ್ತದೆ. ಮೊದಲು ಬೆಳೆ, ಆಮೇಲೆ ತೊಳೆ. ಇದನ್ನು ನಂಬಲು ನನಗೆ ಪುಸ್ತಕವೂ ಬೇಕಿಲ್ಲ. ಅಪ್ಪ ಹೋದಾಗ ಅಣ್ಣ ಇನ್ನೂ ಮೀಸೆ ಮೂಡದವನು. ಹುಟ್ಟು ಹಾಕುವ ದೋಣಿಯಲ್ಲಿ ಸಮುದ್ರಕ್ಕಿಳಿದ. ದೋಣಿಗೆ ಎಂಜಿನ್ ಬಂತು, ನಾನು ಹೈಸ್ಕೂಲಿಗೆ ಹೋದೆ. ಬೋಟು ಬಂತು, ನಾನು ಕಾಲೇಜಿಗೆ ಹೋದೆ. ಬೆಳವಣಿಗೆಯಿಂದ ಏನು ಬಂತು ಎಂದು ಕೇಳುವವರಿಗೆ ನಾನೇ ಉತ್ತರ.

ಜನವರಿ 12, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ಅಣ್ಣನಿಗೆ ಕಾಲು ನೆಲದ ಮೇಲಿಲ್ಲ. ಊಟ ಮುಗಿಯುತ್ತಿದ್ದಂತೆ ಬೋಟು ಕಟ್ಟುವ ಅಂಗಳಕ್ಕೆ ಎಳೆದುಕೊಂಡು ಹೋದ. ಅವನ ಮೂರನೆಯ ಬೋಟು ಪಕ್ಕೆಲುಬು ಬಿಟ್ಟುಕೊಂಡು ನಿಂತಿದೆ. ಒಳಗೆ ನಿಂತು ಕೂಗಿದರೆ ದನಿ ಗುಂಯ್ ಎನ್ನುತ್ತದೆ.

"ಇಷ್ಟು ದೊಡ್ಡದು ಈಗಿರೋ ಧಕ್ಕೆಗೆ ಎಲ್ಲಿ ಹಿಡಿಸುತ್ತೆ?" ಎಂದೆ.

"ಹಿಡಿಸಲ್ಲ. ಅದಕ್ಕೇ ತಾನೇ ನಿನ್ನ ಸಹಿ ಬೇಕಿರೋದು! ಆದ ದಿನ ಇದಕ್ಕೆ ನಿನ್ನ ಹೆಸರೇ ಬರೆಸ್ತೀನಿ."

"ಅದನ್ನ ಲಂಚ ಅಂತಾರೆ ಕಣೋ."

"ತಂಗಿಗೆ ಕೊಟ್ಟರೆ ಉಡುಗೊರೆ ಅಂತಾರೆ."

ಅತ್ತಿಗೆ ಮಾತ್ರ ಬೋಟಿನ ಹತ್ತಿರ ಬರಲಿಲ್ಲ. ಬಿಸಿಲು ಎಂದರು. ಬಿಸಿಲೇನೂ ಇರಲಿಲ್ಲ.

ಜನವರಿ 16, ಗುರುವಾರ

ಮೊದಲ ಸಭೆ. ವರದಿಯ ಕರಡು ಆಗಲೇ ಸಿದ್ಧವಾಗಿದೆ. ಎಂಜಿನಿಯರ್ ಸಾಹೇಬರು ಮದುವೆ ಮನೆಯ ಯಜಮಾನರ ಹಾಗೆ ಓಡಾಡಿಕೊಂಡು ಬಿಸ್ಕತ್ತು ಹಂಚಿದರು. ಮೊದಲ ಪುಟದಲ್ಲೇ ಒಂದಕ್ಕೊಂದು ಹೆಣೆದ ಮೂರು ವೃತ್ತ: ಆರ್ಥಿಕತೆ, ಸಮಾಜ, ಪರಿಸರ. ಮೂರೂ ಕೂಡುವ ನಡುಮಧ್ಯದಲ್ಲಿ ನಮ್ಮ ಹೊಸ ಧಕ್ಕೆ. ಪ್ರತಿ ಪುಟಕ್ಕೂ 'ಸುಸ್ಥಿರ' ಎಂಬ ಒಗ್ಗರಣೆ.

ವಿಜ್ಞಾನಿಯನ್ನು ಸಂಶೋಧನಾ ಕೇಂದ್ರದಲ್ಲಿ ಮೀನಮೇಷ ಎಂದು ಕರೆಯುತ್ತಾರಂತೆ. ಮೀನು ಎಣಿಸುವುದು ಅವರ ಕೆಲಸ. ಮೀನಮೇಷ ಎಣಿಸುವುದು ಸ್ವಭಾವ. ಉದ್ದ ಕತ್ತು, ಸದಾ ಕ್ಷಮೆ ಕೇಳುವಂಥ ನಿಲುವು. "ಅಳಿವೆಯ ಕೆಸರು ಮೀನುಗಳಿಗೆ ಹೆರಿಗೆ ಮನೆ ಅನ್ನಬಹುದು. ಅನ್ನಬಹುದೇನೋ" ಎಂದರು.

"ಹೆರಿಗೆ ಆಗುತ್ತೋ ಇಲ್ಲವೋ, ಒಂದು ಹೇಳಿ" ಎಂದರು ಎಂಜಿನಿಯರ್.

"ಇನ್ನೊಂದು ಋತು ನೋಡಿದ್ರೆ ಒಳ್ಳೇದು."

ನಾನು ಮಧ್ಯೆ ಬಾಯಿ ಹಾಕಿ ಚಿಕ್ಕ ಪಾಠವನ್ನೇ ಮಾಡಿದೆ. ಪ್ರಕೃತಿಯೂ ಒಂದು ಬಗೆಯ ಬಂಡವಾಳ. ಮೀನು ಸ್ವಲ್ಪ ಕಡಿಮೆಯಾದರೂ ಅದರ ಬದಲಿಗೆ ಧಕ್ಕೆ, ಶಾಲೆ, ಆಸ್ಪತ್ರೆ ಬಂದರೆ ಮುಂದಿನವರ ಕೈಗೆ ನಾವು ಕೊಡುವ ಒಟ್ಟು ಆಸ್ತಿ ಕುಗ್ಗುವುದಿಲ್ಲ. ಒಂದರ ಜಾಗವನ್ನು ಇನ್ನೊಂದು ತುಂಬುತ್ತದೆ. ಕೆಲವು ವಸ್ತುಗಳ ಜಾಗವನ್ನು ಬೇರೇನೂ ತುಂಬಲಾರದು ಎನ್ನುವ ಪಂಥವೂ ಇದೆ, ಆದರೆ ಅದು ಹೊಟ್ಟೆ ತುಂಬಿದವರ ವಾದ ಎಂದೂ ಸೇರಿಸಿದೆ.

ಮೀನಮೇಷ ಕತ್ತು ಮುಂದೆ ಚಾಚಿದರು. "ಬೋಟಿದೆ, ಬಲೆಯಿದೆ, ಐಸ್ ಫ್ಯಾಕ್ಟರಿಯಿದೆ, ಮೀನೇ ಇಲ್ಲ ಅಂತಾದ್ರೆ, ಆ ಬೋಟನ್ನ ಏನಂತ ಆಸ್ತಿಗೆ ಸೇರಿಸ್ತೀರಿ ಮೇಡಂ?" ಮರುಕ್ಷಣ, "ಕ್ಷಮಿಸಿ, ಸುಮ್ನೆ ಕೇಳಿದೆ" ಎಂದು ಬಿಸ್ಕತ್ತು ತೆಗೆದುಕೊಂಡರು.

ಜಾಣ ಪ್ರಶ್ನೆ ಕೇಳಿ ಓಡಿಹೋಗುವವರನ್ನು ಕಂಡರೆ ನನಗಾಗದು.

ಜನವರಿ 23, ಗುರುವಾರ

ಸ್ಥಳ ಪರಿಶೀಲನೆ. ಮೇಲಿನ ಬೀದಿಯ ಮನೆಗೆ ಬಂದ ಮೇಲೆ ನಾನು ಧಕ್ಕೆಯ ಕಡೆಗೆ ಇಳಿದದ್ದು ಅಪರೂಪ. ಮೂಗಿಗೆ ಕರವಸ್ತ್ರ ಹಿಡಿದೇ ನಡೆದೆ. ಒದ್ದೆ ಸಿಮೆಂಟು, ಪುಡಿ ಮಂಜುಗಡ್ಡೆ, ನೀಲಿ ಕ್ರೇಟುಗಳು, ಕಿವಿ ಕಿತ್ತುಹೋಗುವಂಥ ಹರಾಜು. ಅಲ್ಲಿಯವರು ಮಾತಾಡುವುದೇ ಕೂಗಾಡಿದಂತೆ.

ಒಂದು ಮೂಲೆಯಲ್ಲಿ ಬೆರಳುದ್ದದ ಮರಿಗಳ ದೊಡ್ಡ ರಾಶಿ. ಒಂದರ ಹೊಟ್ಟೆಯಲ್ಲೂ ಮೊಟ್ಟೆಯಿಲ್ಲ, ಇನ್ನೂ ಮೊಟ್ಟೆಯಿಡುವ ವಯಸ್ಸಿಗೇ ಬಂದಿಲ್ಲ ಎಂದರು ಮೀನಮೇಷ. ಕೋಳಿ ಆಹಾರದ ಪುಡಿಗೆ ಹೋಗುತ್ತವಂತೆ. ಸಣ್ಣ ಕಣ್ಣಿನ ಬಲೆ ಎಲ್ಲವನ್ನೂ ಬಾಚಿ ತರುತ್ತದೆ. ಹೋದ ವರ್ಷ ಬೋಟುಗಳು ಹೆಚ್ಚಾದವು, ಒಟ್ಟು ತೂಕವೂ ಹೆಚ್ಚಾಯಿತು. ಅಂಕಿ ಅಂಶದಲ್ಲಿ ಅದು ಬೆಳವಣಿಗೆಯೇ. ಅದರಲ್ಲಿ ಎಷ್ಟು ಪಾಲು ಈ ಪುಡಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಧಕ್ಕೆಗೇ ಧಕ್ಕೆ ಬಂತು ಎಂದು ಹಾಸ್ಯ ಮಾಡಿದೆ. ಯಾರೂ ನಗಲಿಲ್ಲ. ಸೀರೆ ಒಗೆಯಲು ಹಾಕಿದೆ.

ಜನವರಿ 27, ಸೋಮವಾರ

ತರಗತಿಯಲ್ಲಿ ಮಗುಚಿಟ್ಟ ಬೋಗುಣಿ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಗೆರೆ ಇಳಿಯೋಕೆ ಶುರುವಾಗೋ ಹೊತ್ತಿಗೆ ಉಳಿಸೋಕೆ ಏನಾದ್ರೂ ಇರಲೇಬೇಕಲ್ವಾ? ಹೊಗೆ ಆದ್ರೆ ಕಡಿಮೆ ಮಾಡಬಹುದು. ಪೂರ್ತಿ ಮುಗಿದುಹೋದದ್ದನ್ನ ಏನ್ ಮಾಡೋದು?" ಎಂದಳು.

ಪರೀಕ್ಷೆಗೆ ಅದು ಬರುವುದಿಲ್ಲ ಎಂದೆ.

ಫೆಬ್ರವರಿ 2, ಭಾನುವಾರ

ಅಣ್ಣನ ಜೊತೆ ಜಗಳ. ಹೋದದ್ದು ಊಟಕ್ಕೆ, ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದೆ.

ಸಹಿ ಯಾಕೆ ತಡ ಎಂದು ಕೇಳಿದ. ಬೆಳವಣಿಗೆ ಬೇರೆ, ಅಭಿವೃದ್ಧಿ ಬೇರೆ ಎಂದು ಬಿಡಿಸಿ ಹೇಳಲು ನೋಡಿದೆ. ಗಾತ್ರ ಹಿಗ್ಗುವುದು ಬೆಳವಣಿಗೆ, ಬದುಕು ಹಸನಾಗುವುದು ಅಭಿವೃದ್ಧಿ. ಹುಡುಗ ಒಂದು ವಯಸ್ಸಿನವರೆಗೆ ಉದ್ದ ಆಗುತ್ತಾನೆ, ಆಮೇಲೆ ಬುದ್ಧಿ ಬೆಳೆಯಬೇಕು. ಮೂವತ್ತಾದ ಮೇಲೂ ಉದ್ದ ಆಗುತ್ತಲೇ ಹೋದರೆ ಆಸ್ಪತ್ರೆಗೆ ಸೇರಿಸುತ್ತಾರೆ ಎಂದೆ.

"ಸರಿ. ನಮ್ಮೋರು ಮೊಣಕಾಲುದ್ದ ಬೆಳೆದಿದಾರೆ. ಈಗಲೇ ಸಾಕು ನಿಲ್ಲಿಸು ಅಂತೀಯಾ? ಮೇಲಿನ ಬೀದೀಲಿ ಕೂತವರು ಬೆಳೆದು ಮುಗಿಸಿದಾರೆ, ಅವರಿಗೇನು!"

"ಅದನ್ನಲ್ಲ ನಾನು ಹೇಳ್ತಿರೋದು. ಮುಂದೆ ಬರೋರಿಗೂ ಒಂದಿಷ್ಟು ಉಳಿಯಬೇಕಲ್ವಾ?"

"ಮುಂದೆ ಬರೋರ ಪರವಾಗಿ ಮಾತಾಡೋಕೆ ಎಷ್ಟು ಜನ ನೋಡು! ಇವತ್ತು ಇರೋರ ಪರವಾಗಿ ಯಾರಿದಾರೆ? ನನ್ನ ಎರಡು ಬೋಟಿನ ಮೇಲೆ ಎಷ್ಟು ಮನೆ ಒಲೆ ಉರಿಯುತ್ತೆ ಗೊತ್ತಾ ನಿಂಗೆ? ನಿನ್ನ ಪುಸ್ತಕದಲ್ಲಿ ಅವರ ಹೆಸರಿದ್ಯಾ?"

ಅತ್ತಿಗೆ ತಟ್ಟೆ ಎತ್ತಿಕೊಂಡು ಹೋದರು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಸಿಟ್ಟು.

ಫೆಬ್ರವರಿ 6, ಗುರುವಾರ

ಸಂಜೆ ಕಾಲೇಜಿನಿಂದ ಬಂದರೆ ಅಡುಗೆ ಮನೆಯ ಕಿಟಕಿ ಒಡೆದಿದೆ. ಸಿಂಕಿನೊಳಗೆ ಮುಷ್ಟಿಗಾತ್ರದ ಕಲ್ಲು. ಒಂದು ಸಹಿ ತಡವಾಗಿದ್ದಕ್ಕೆ ಇಷ್ಟು. ಗಾಜು ಗುಡಿಸಿ ರಟ್ಟು ಹಚ್ಚಿದೆ. ಯಾರಿಗೂ ಹೇಳಿಲ್ಲ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಎರಡನೇ ಪೀರಿಯಡ್ ನಡೆಯುವಾಗ ಅತ್ತಿಗೆಯ ಫೋನ್. "ಗಾಳಿ ಎದ್ದಿದೆಯಂತೆ. ನಿಮ್ಮಣ್ಣನ ಬೋಟು ವೈರ್‌ಲೆಸ್‌ಗೆ ಸಿಗ್ತಿಲ್ಲ" ಎಂದರು.

ಅಣ್ಣ ಈಗ ಸ್ವತಃ ಸಮುದ್ರಕ್ಕೆ ಹೋಗುವುದೇ ಕಡಿಮೆ. ದಡದ ಹತ್ತಿರ ಏನೂ ಸಿಗದೆ ಎರಡು ಸಲ ಬೋಟು ಬರಿಗೈಲಿ ಬಂದಿತ್ತಂತೆ. ಈ ಸಲ ತುಂಬಾ ದೂರ ಹೋಗೋಣ ಎಂದು ತಾನೇ ಹೊರಟನಂತೆ. ಜಗಳದ ಮರುದಿನ. ನನಗೆ ತಿಳಿಸಿರಲಿಲ್ಲ.

ನಾನೂ ಅತ್ತಿಗೆಯೂ ದಿನವಿಡೀ ಧಕ್ಕೆಯಲ್ಲೇ ಇದ್ದೆವು. ಅಲೆಗಳ ತುಂತುರು ಮುಸುಕಿ ಅಳಿವೆಯ ಬಾಯಿಯೂ ಕಾಣುತ್ತಿರಲಿಲ್ಲ. ಬೋಟಿನಲ್ಲಿ ಅವನಲ್ಲದೆ ಇನ್ನೂ ಏಳು ಜನ. ಅವರ ಮನೆಯವರೂ ಬಂದರು. ಹರಾಜು ನಡೆಯಲಿಲ್ಲ. ಧಕ್ಕೆಯನ್ನು ನಾನು ಇಷ್ಟು ಮೌನವಾಗಿ ನೋಡಿದ್ದೇ ಇಲ್ಲ.

ಫೆಬ್ರವರಿ 11, ಮಂಗಳವಾರ

ಸುದ್ದಿಯಿಲ್ಲ. ಕಾವಲು ಹಡಗು ಹುಡುಕಿ ವಾಪಸಾಯಿತು, ಮತ್ತೆ ಹೋಯಿತು.

ಮಧ್ಯಾಹ್ನ ಎಂಜಿನಿಯರ್ ಸಾಹೇಬರು ಹುಡುಕಿಕೊಂಡು ಬಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕಂಕುಳಲ್ಲಿ ವರದಿಯೂ ಇತ್ತು. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಇದೇ ಕಾರಣಕ್ಕೆ ಆಳದ ಬಂದರು ಬೇಕು ಅನ್ನೋದು ಮೇಡಂ. ದೊಡ್ಡ ಬೋಟಿದ್ದಿದ್ರೆ ಈ ಗಾಳಿ ಯಾವ ಲೆಕ್ಕ? ನಿಮ್ಮಣ್ಣನಿಗೋಸ್ಕರನಾದ್ರೂ ಒಂದು ಸಹಿ ಹಾಕಿಬಿಡಿ."

ಪೆನ್ನು ಕೈಗೆ ತೆಗೆದುಕೊಂಡೆ. ಅವರ ಮಾತಿನಲ್ಲಿ ಯಾವ ತಪ್ಪೂ ಹೊಳೆಯಲಿಲ್ಲ. ಅಣ್ಣ ಬದುಕಿ ಬಂದರೆ ಮೊದಲು ಕೇಳುವುದೂ ಇದನ್ನೇ. ಸಹಿ ಆಮೇಲೆ ಹಾಕುತ್ತೇನೆ ಎಂದು ಪೆನ್ನು ಹಿಂದಿರುಗಿಸಿದೆ.

ವಾಪಸು ಬಂದು ಕೂತಾಗ ಅತ್ತಿಗೆ ನೀರಿನ ಕಡೆ ನೋಡುತ್ತಲೇ ಹೇಳಿದರು: "ನಮ್ಮ ಮದುವೆಯಾದ ಹೊಸದರಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದುಬಿಡ್ತಿದ್ರು. ದೋಣಿ ಮನೆ ಬಾಗಿಲಿಂದ ಕಾಣ್ತಿತ್ತು. ಅನ್ನಕ್ಕಿಟ್ಟು ದೋಣಿ ನೋಡ್ತಿದ್ದೆ. ಎಂಜಿನ್ ಬಂದ ಮೇಲೆ ಸಂಜೆಗೆ ಬರ್ತಿದ್ರು. ಬೋಟು ಬಂದ ಮೇಲೆ ಮಾರನೇ ದಿನ. ಈಗ ವಾರ. ಆ ಹೊಸ ಬೋಟು ಬಂದ್ರೆ ತಿಂಗಳಾಗುತ್ತಂತೆ."

ಅತ್ತಿಗೆ ಅತ್ತಿರಲಿಲ್ಲ. ನಾನೇ ಅತ್ತೆ. ಸಮಾಧಾನ ಹೇಳಬೇಕಾದವಳು ನಾನು, ಅವರೇ ನನ್ನ ಬೆನ್ನು ಸವರಿದರು.

ಫೆಬ್ರವರಿ 12, ಬುಧವಾರ

ಬಂದರು. ಎಂಟೂ ಜನ. ಎಂಜಿನ್ ಕೆಟ್ಟು ಅಲೆಗಳ ಮೇಲೆ ತೇಲುತ್ತಿದ್ದವರನ್ನು ಸರಕು ಹಡಗೊಂದು ಕಂಡಿತಂತೆ. ಅಣ್ಣನ ತುಟಿ ಒಡೆದಿತ್ತು, ಕಾಲೂರಲು ಆಗುತ್ತಿರಲಿಲ್ಲ. ಅತ್ತಿಗೆ ಅವನನ್ನು ಹಿಡಿದುಕೊಂಡ ಮೇಲೆ ಎಲ್ಲರೆದುರಿಗೆ ಬೆನ್ನಿಗೆ ಎರಡು ಗುದ್ದಿದರು. ಧಕ್ಕೆಗೆ ಧಕ್ಕೆಯೇ ನಕ್ಕಿತು. ನಾವೆಲ್ಲ ಹುಚ್ಚರ ಹಾಗೆ ನಗುತ್ತಿದ್ದೆವು.

ಫೆಬ್ರವರಿ 15, ಶನಿವಾರ

ಸಮಿತಿಯ ಸಭೆ. ಎಂಜಿನಿಯರ್ ಸಹಿ ಹಾಕಿದರು. ಮೀನಮೇಷ ತುಂಬಾ ಹೊತ್ತು ಪೆನ್ನು ತಿರುಗಿಸಿ, ನನ್ನ ಮುಖ ನೋಡದೆ ಸಹಿ ಹಾಕಿದರು. ನಾನು ಹಾಕಲಿಲ್ಲ.

"ಕಾರಣ ಬರೀಬೇಕಾಗುತ್ತೆ ಮೇಡಂ" ಎಂದು ಎಂಜಿನಿಯರ್ ನನ್ನೆದುರಿಗೆ ಖಾಲಿ ಹಾಳೆ ಇಟ್ಟರು. ಮೂರು ಪಂಥ, ನಾಲ್ಕು ವ್ಯಾಖ್ಯೆ, ಎರಡು ಗೆರೆ ಎಲ್ಲ ಬರೆಯುವವಳಿದ್ದೆ. ಕೊನೆಗೆ ಬರೆದದ್ದು ಇಷ್ಟೇ: ದಡದ ಹತ್ತಿರ ಮೀನು ತೀರಿತು, ಅದಕ್ಕೇ ದೂರ ಹೋಗುತ್ತಿದ್ದೇವೆ, ದೂರ ಹೋಗಲು ದೊಡ್ಡ ಬೋಟು ಬೇಕು, ದೊಡ್ಡ ಬೋಟಿಗೆ ಆಳ ಬೇಕು, ಆಳಕ್ಕಾಗಿ ಮೀನು ಮರಿ ಮಾಡುವ ಕೆಸರನ್ನೇ ತೆಗೆಯುತ್ತೇವೆ, ಆಮೇಲೆ ಇನ್ನೂ ದೂರ ಹೋಗಬೇಕಾಗುತ್ತದೆ.

ಹೊರಗೆ ಬರುವಾಗ ಮೀನಮೇಷ ಹಿಂದೆ ಬಂದರು. "ನನಗೆ ನಿವೃತ್ತಿಗೆ ಸ್ವಲ್ಪವೇ ಸಮಯ ಇದೆ ಮೇಡಂ." ಅವರು ಎಣಿಸಿಟ್ಟ ಮೀನು ಮರಿಗಳ ಅಂಕಿ ಕೇಳಿದೆ. ಕೊಟ್ಟರು.

ಫೆಬ್ರವರಿ 16, ಭಾನುವಾರ

ನಾನೇ ಹೋಗಿ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು.

ಅಣ್ಣ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಸಿಟ್ಟು ಮಾಡುತ್ತಾನೆ, ಕೂಗುತ್ತಾನೆ ಎಂದುಕೊಂಡಿದ್ದೆ. "ಸರಿ, ಹೊರಡು" ಎಂದ, ಅಷ್ಟೆ.

ಫೆಬ್ರವರಿ 24, ಸೋಮವಾರ

ಅಣ್ಣನಿಂದ ಫೋನಿಲ್ಲ. ನಾನು ಮಾಡಿದರೆ ಅತ್ತಿಗೆ ಎತ್ತುತ್ತಾರೆ. "ಚೆನ್ನಾಗಿದಾರೆ" ಎನ್ನುತ್ತಾರೆ.

ಮಾರ್ಚ್ 4, ಮಂಗಳವಾರ

ಸಾರ್ವಜನಿಕ ಸಭೆ, ಹರಾಜು ಕಟ್ಟೆಯಲ್ಲೇ. ಕಾಲಿಡಲು ಜಾಗವಿರಲಿಲ್ಲ. ಮೀನಮೇಷರಿಗೆ ಜ್ವರವಂತೆ, ಬರಲಿಲ್ಲ. ಎಂಜಿನಿಯರ್ ಮೂರು ವೃತ್ತ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಎಷ್ಟು ಕೆಲಸ ಹುಟ್ಟುತ್ತವೆ, ಎಷ್ಟು ರಸ್ತೆ ಬರುತ್ತವೆ ಎಂದರು. ಆಮೇಲೆ ನನ್ನ ಸರದಿ.

ಮೈಕು ಹಿಡಿದೆ. ಬೆಳವಣಿಗೆ ಬೇಡ ಎನ್ನಲು ನಾನು ಬಂದಿಲ್ಲ ಎಂದೆ. ಶಾಲೆ ಬೆಳೆಯಲಿ, ಸಿಗುವ ಮೀನಿಗೆ ಒಳ್ಳೆಯ ಬೆಲೆ ಬರಲಿ, ಹಿಡಿದದ್ದು ಕೊಳೆಯದಂತೆ ಇಡುವ ವ್ಯವಸ್ಥೆ ಬೆಳೆಯಲಿ. ಹಿಡಿಯುವುದು ಮಾತ್ರ ಅಳಿವೆ ಹೆರುವುದಕ್ಕಿಂತ ಹೆಚ್ಚಾದರೆ ಅದು ಬೆಳವಣಿಗೆಯಲ್ಲ, ಬೀಜದ ಕಾಳನ್ನೇ ಬೇಯಿಸಿ ಉಂಡ ಹಾಗೆ ಎಂದೆ. ಮರಿಗಳ ಅಂಕಿ ಓದಿದೆ.

"ಸಂಬಳದೋರು ಉಪವಾಸದ ಪಾಠ ಹೇಳ್ತಾರೆ!" ಎಂದು ಯಾರೋ ಕೂಗಿದರು. ಒಂದು ಖಾಲಿ ಕ್ರೇಟು ನನ್ನ ಮೇಜಿಗೆ ಬಡಿಯಿತು. ಮುಂದಿನ ಸಾಲು ಎದ್ದು ನಿಂತಿತು. ಪೊಲೀಸರು ಹಿಂದೆ ಎಲ್ಲೋ ಇದ್ದರು.

ಆಗ ಅಣ್ಣ ಎದ್ದ. ಕೋಲೂರಿಕೊಂಡು ನಿಧಾನವಾಗಿ ಮುಂದೆ ಬಂದ. ಎಲ್ಲರೂ ದಾರಿ ಬಿಟ್ಟರು. ನನ್ನ ಮುಖ ನೋಡದೆ ಮೈಕು ತೆಗೆದುಕೊಂಡ.

"ಇವಳು ನನ್ನ ತಂಗಿ. ಇವಳು ಹೇಳಿದ್ದನ್ನ ನಾನು ಒಪ್ಪಲ್ಲ. ನಮಗೆ ಧಕ್ಕೆ ಬೇಕು. ಅದನ್ನ ಬಾಯಲ್ಲಿ ಹೇಳಿ, ನಾನೂ ಹೇಳ್ತೀನಿ. ಆದ್ರೆ ಇವಳ ಮನೆ ಕಿಟಕಿಗೆ ಯಾವನೋ ಕಲ್ಲು ಹೊಡೆದಿದಾನಂತೆ. ಅವನು ನನ್ನ ಬೋಟು ಹತ್ತೋದು ಬೇಡ. ನಿಮ್ಮಲ್ಲಿ ಯಾರೂ ಅವನನ್ನ ಹತ್ತಿಸಿಕೊಳ್ಳೋದೂ ಬೇಡ."

ಮೈಕು ಮೇಜಿನ ಮೇಲಿಟ್ಟು ಹೋದ. ಕಲ್ಲಿನ ವಿಷಯ ಅವನಿಗೆ ಯಾರು ಹೇಳಿದರೋ. ಉಳಿದ ಪುಟಗಳನ್ನು ಓದಿ ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಡ್ಡ ಬರಲಿಲ್ಲ.

ಮಾರ್ಚ್ 21, ಶುಕ್ರವಾರ

ಸರ್ಕಾರದ ತೀರ್ಮಾನ ಬಂತು. ಅಳಿವೆಯ ಕೆಸರು ಮುಟ್ಟುವಂತಿಲ್ಲ. ಹಳೆಯ ಧಕ್ಕೆಯ ದುರಸ್ತಿ, ಹೊಸ ಶೀತಲ ಗೋದಾಮು, ಇಷ್ಟಕ್ಕೆ ಮಾತ್ರ ಒಪ್ಪಿಗೆ.

ಸ್ಟಾಫ್ ರೂಮಿನಲ್ಲಿ ಕೆಲವರು ಕೈಕುಲುಕಿದರು. ಬೋಟು ಕಟ್ಟುವ ಅಂಗಳದ ಆಚಾರಿಗಳು ಮನೆಗೆ ಹೋದರಂತೆ. ಊಟ ಸೇರಲಿಲ್ಲ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಧಕ್ಕೆಯಲ್ಲಿ ಮೀನಮೇಷರ ಜೊತೆ, ಅವರ ಲೆಕ್ಕಕ್ಕೆಂದು, ಮೀನು ಅಳೆದೆ. ಎರಡು ವಾರದಿಂದ ಹೋಗುತ್ತಿದ್ದೇನೆ. ಅವರಿಗೆ ನನ್ನ ಮೇಲೆ ಏನೋ ಸಂಕೋಚ. ನನಗಿಂತ ಮೊದಲೇ ಬಂದು ಕ್ರೇಟು ಜೋಡಿಸಿರುತ್ತಾರೆ. ಮರಿ ರಾಶಿಯ ಹತ್ತಿರ ನಿಂತರೆ ಬೋಟಿನವರು ಈಗಲೂ ಮುಖ ತಿರುಗಿಸುತ್ತಾರೆ. ಒಬ್ಬ ಮಾತ್ರ ಟೀ ತಂದುಕೊಟ್ಟ. ಅಲ್ಲಿಂದ ನೇರ ಕಾಲೇಜಿಗೆ. ಮೊದಲ ಬೆಂಚಿನವರು ಹಿಂದಕ್ಕೆ ಸರಿದು ಕೂತರು, ಯಾಕೋ ತಿಳಿಯಲಿಲ್ಲ.

ಏಪ್ರಿಲ್ 6, ಭಾನುವಾರ

ಬೋಟು ಮಾಲೀಕರ ಸಂಘದಿಂದ ಫೋನ್ ಬಂತು: ಮೇಡಂ ಸಭೆಗೆ ಬರಬೇಕಂತೆ. ಯಾರು ಹೇಳಿದ್ದು ಎಂದು ಕೇಳಿದರೆ ಆ ಕಡೆಯವರು ಫೋನಿಟ್ಟರು.

ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ. ಕೆಳಗಿನ ಯಂತ್ರದ ಗಡಗಡಕ್ಕೆ ಮೇಜಿನ ಮೇಲಿನ ಲೋಟಗಳು ತಾವೇ ಸರಿಯುತ್ತಿದ್ದವು. ಸುತ್ತ ಕೂತವರಲ್ಲಿ ಅರ್ಧ ಜನ ಅಂದು ಎದ್ದು ನಿಂತ ಮುಂದಿನ ಸಾಲಿನವರು. ಬಾಗಿಲಲ್ಲೇ ನಿಂತೆ. ಯಾರೂ ಕೂರಿ ಎನ್ನಲಿಲ್ಲ.

ಅಣ್ಣ ಮಾತಾಡುತ್ತಿದ್ದ. "ಯಾರ ಮಾತನ್ನೋ ಒಪ್ಪಿ ಹೇಳ್ತಿಲ್ಲ ನಾನು. ಅಷ್ಟು ದೂರ ಬರೋಕೆ ಹುಡುಗರು ಬೋಟು ಹತ್ತುತ್ತಿಲ್ಲ. ಅವರ ಮನೆಯೋರು ಬಿಡ್ತಿಲ್ಲ. ನನ್ನ ಮನೇಲೂ ಬಿಡ್ತಿಲ್ಲ." ಒಂದಿಬ್ಬರು ನಕ್ಕರು. "ಹತ್ತಿರದಲ್ಲಿ ಮೀನು ಬೇಕು ಅಂದ್ರೆ ಮರಿ ಮಾಡೋ ತಿಂಗಳುಗಳಲ್ಲಿ ಅಳಿವೆ ಮುಂದೆ ಬಲೆ ಹಾಕಬಾರದು. ಸಣ್ಣ ಕಣ್ಣಿನ ಬಲೆ ಸುಡಬೇಕು. ನಮ್ಮ ಸಂಘವೇ ಕಾನೂನು ಮಾಡಲಿ."

"ಆ ತಿಂಗಳುಗಳಲ್ಲಿ ಹೊಟ್ಟೆಗೆ ಏನ್ ತಿನ್ನೋದು?" ಎಂದು ಒಬ್ಬರು ಕೇಳಿದರು. "ಬೋಟಲ್ಲಿ ಕೆಲಸ ಮಾಡೋರು ಏನ್ ತಿಂತಾರೆ?" ಇನ್ನೊಬ್ಬರು.

"ಅದಕ್ಕೇ ಮೇಡಂನ ಕರೆಸಿದ್ದು" ಎಂದ ಅಣ್ಣ. "ಓದಿದೋರು. ಹೇಳ್ತಾರೆ."

ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಹೇಳಲು ಬೇಕಾದಷ್ಟಿತ್ತು. ಪರಿಹಾರ ನಿಧಿ, ಪರ್ಯಾಯ ಉದ್ಯೋಗ, ಅಲ್ಲಿ ಹೀಗೆ ಮಾಡಿದರು, ಇಲ್ಲಿ ಹಾಗೆ ಮಾಡಿದರು. ಮುಖಗಳನ್ನು ನೋಡಿದೆ. ಅಣ್ಣನ ಜೊತೆ ತೇಲಿ ಬದುಕಿ ಬಂದ ಏಳು ಜನರಲ್ಲಿ ಇಬ್ಬರು ಗೋಡೆಗೆ ಒರಗಿ ನಿಂತಿದ್ದರು.

"ಗೊತ್ತಿಲ್ಲ" ಎಂದೆ.

ಲೋಟಗಳು ಮಾತ್ರ ಕಿಣಿಕಿಣಿ ಎನ್ನುತ್ತಿದ್ದವು. ಅಣ್ಣ ನನ್ನನ್ನೇ ನೋಡಿದ. ಆಮೇಲೆ ಪಕ್ಕದಲ್ಲಿ ಕಾಲು ಚಾಚಲು ಇಟ್ಟುಕೊಂಡಿದ್ದ ಕುರ್ಚಿಯಿಂದ ಕಾಲಿಳಿಸಿ, ಅದನ್ನು ನನ್ನ ಕಡೆ ತಳ್ಳಿದ.

"ಹಾಗಾದ್ರೆ ಕೂತ್ಕೋ" ಎಂದ.